ಹಗೇವಿನ ಬಾಯಿಯ ಹಿತ್ತಾಳೆ ಬಿಲ್ಲೆ

ಇದನ್ನು ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ನಂಬದಿದ್ದರೆ ನನಗೇನೂ ನಷ್ಟವಿಲ್ಲ, ನಿಮಗೆ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ಆದರೆ ನಡೆದದ್ದು ನನಗೆ. ನಡೆದದ್ದು ಸವಣೂರು ತಾಲ್ಲೂಕಿನಲ್ಲಿ, ಯಲವಿಗಿ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೋಗಬಹುದಾದ ನನ್ನ ಅಕ್ಕನ ಊರಿನಲ್ಲಿ. ಆ ದಿನ ನಾನು ಕುಡಿದಿರಲಿಲ್ಲ, ಜ್ವರವೂ ಇರಲಿಲ್ಲ. ದೆವ್ವ ಕಂಡವರ ಮಾತು ಕೇಳಿದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನೇ.

ಆಗ ನಾನು ನೌಕಾದಳದಲ್ಲಿದ್ದೆ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಕೆರೆಗಿಂತ ದೊಡ್ಡ ನೀರನ್ನು ಕಾಣದೆ ಬೆಳೆದವನು ಹಡಗು ಹತ್ತಿದ್ದೇಕೆ ಎಂದು ಜನ ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನು ಸಮುದ್ರ ನೋಡಿದ್ದಕ್ಕಿಂತ ಕಬ್ಬಿಣದ ಗೋಡೆ ನೋಡಿದ್ದೇ ಹೆಚ್ಚು. ನನ್ನ ಕೆಲಸ ಹಡಗಿನ ಹೊಟ್ಟೆಯಲ್ಲಿ, ಬಾಯ್ಲರ್ ಕೋಣೆಯಲ್ಲಿ. ಬೆಂಕಿ, ಎಣ್ಣೆ, ಬೆವರು... ಇಷ್ಟೇ ನನ್ನ ನೌಕಾದಳ.

ಹಡಗು ಒಂದು ಡಿಸ್ಟ್ರಾಯರ್, ಯುದ್ಧನೌಕೆ. ಉದ್ದ, ಸಪೂರ, ಓಡುವುದರಲ್ಲಿ ಗಟ್ಟಿ. ಹೆಸರು ಹೇಳುವುದಿಲ್ಲ. ದೊಡ್ಡ ಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ್ದು. ಉತ್ತರದ ಹಿಮದ ಸಮುದ್ರದಲ್ಲಿ ಸರಕಿನ ಹಡಗುಗಳಿಗೆ ಕಾವಲಾಗಿ ತಿರುಗಿ, ಏಟು ತಿಂದು, ರಿಪೇರಿಯಾಗಿ, ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಪಾಲಿಗೆ ಬಂದಿತ್ತು. ಹೊಸ ಹೆಸರು, ಹೊಸ ಬಣ್ಣ. ಆದರೆ ಹಿಂಬದಿಯಲ್ಲಿ ಬಣ್ಣದ ಮೇಲೆ ಕೈಯಾಡಿಸಿದರೆ ಕೆಳಗಿನ ಹಳೆಯ ಹೆಸರಿನ ಅಕ್ಷರಗಳು ಬೆರಳಿಗೆ ತಾಗುತ್ತಿದ್ದವು.

ಏಟು ಬಿದ್ದದ್ದು ಮುಂಭಾಗದ ತಳಕ್ಕೆ. ಅಲ್ಲೊಂದು ಕೋಣೆ. ಕೋಣೆ ಎಂದರೆ ಬಾಗಿಲಿಲ್ಲ, ನೆಲದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ತೂತು, ಅದಕ್ಕೆ ಬೋಲ್ಟು ಹಾಕಿ ಬಿಗಿಯುವ ಕಬ್ಬಿಣದ ಮುಚ್ಚಳ. ಯುದ್ಧದಲ್ಲಿ ನೀರು ನುಗ್ಗಿದಾಗ ಕೆಳಗೆ ಜನ ಇದ್ದರಂತೆ. ಹಡಗು ಉಳಿಯಬೇಕೆಂದು ಮೇಲಿನಿಂದ ಮುಚ್ಚಳ ಬಿಗಿದರಂತೆ. ಬಹಳ ಹೊತ್ತು ಒಳಗಿನಿಂದ ಬಡಿಯುವ ಸದ್ದು ಬರುತ್ತಿತ್ತಂತೆ... ಇದನ್ನು ನನಗೆ ಹೇಳಿದವರು ಸಖಾರಾಮ ತಾಂಡೇಲರು. ಕಾರವಾರದ ಮೀನುಗಾರರ ಮನೆಯವರು, ಬಾಯ್ಲರ್ ಕೋಣೆಯಲ್ಲಿ ನಮಗೆಲ್ಲ ಹಿರಿಯರು, ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು.

ಅವರು ಕಲಿಸಿದ ಮೊದಲ ಪಾಠವೇ ಬಿಲ್ಲೆಯದು. ನಮಗೆ ಒಬ್ಬೊಬ್ಬರಿಗೂ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಇತ್ತು. ತುಕ್ಕು ಕೆರೆಯಲಿಕ್ಕೋ ಬಣ್ಣ ಹೊಡೆಯಲಿಕ್ಕೋ ಇಂಥ ಮುಚ್ಚಿದ ಕೋಣೆಗೆ ಇಳಿಯುವವನು ಬಿಲ್ಲೆಯನ್ನು ತೂತಿನ ಪಕ್ಕದ ಕೊಕ್ಕೆಗೆ ಹಾಕಿ ಇಳಿಯಬೇಕು. ಕೊಕ್ಕೆಯಲ್ಲಿ ಬಿಲ್ಲೆ ಇದ್ದರೆ ಒಳಗೆ ಮನುಷ್ಯ ಇದ್ದಾನೆ ಎಂದರ್ಥ. ಆಗ ಮುಚ್ಚಳ ಹಾಕುವಂತಿಲ್ಲ. ಮೇಲೆ ಬಂದವನು ತನ್ನ ಬಿಲ್ಲೆಯನ್ನು ತಾನೇ ತೆಗೆಯಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಮೇಲೆ ಕಾಯುವವನು ಆಗಾಗ ಸುತ್ತಿಗೆಯಿಂದ ಎರಡು ಪೆಟ್ಟು ಹಾಕುತ್ತಾನೆ, ಇದ್ದೀಯಾ ಎಂದು. ಒಳಗಿನವನು ಎರಡು ಪೆಟ್ಟು ಮರಳಿಸುತ್ತಾನೆ, ಇದ್ದೇನೆ ಎಂದು.

"ಒಂದು ಮಾತು ತಿಳ್ಕೊ," ಎಂದಿದ್ದರು ತಾಂಡೇಲರು. "ಆ ಮುಂದಿನ ಕೋಣೆ ಮುಚ್ಚಿದ್ದಾಗ ಅಲ್ಲಿಂದ ಬಡಿದ ಸದ್ದು ಬಂದ್ರೆ ಜವಾಬು ಕೊಡಬೇಡ. ಕೊಟ್ರೆ, ತೆಗೀಲಿಕ್ಕೆ ಯಾರೋ ಬಂದ್ರು ಅಂತ ತಿಳೀತಾರೆ ಅವರು."

ನಾನು ನಕ್ಕಿದ್ದೆ. ಅವರು ನಕ್ಕಿರಲಿಲ್ಲ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಹಡಗು ಮುಂಬಯಿಯಲ್ಲಿ ರಿಪೇರಿಗೆ ನಿಂತಿತು, ನನಗೆ ರಜೆ ಸಿಕ್ಕಿತು. ಅವ್ವ ಅಪ್ಪ ಇಲ್ಲದ ನನಗೆ ಮನೆ ಎಂದರೆ ಗಂಗಕ್ಕನ ಮನೆಯೇ. ನಾನು ಹೋದ ವಾರದಲ್ಲೇ ಅಕ್ಕನ ಗಂಡ ಬಸಪ್ಪ ಮಾವ ಹಗೇವು ತೆಗೆಯುವ ಮಾತು ಎತ್ತಿದರು. ಸವಣೂರಿನ ಪೇಟೆಗೆ ಜೋಳ ಒಯ್ಯಬೇಕಿತ್ತು.

ಹಗೇವು ಕಾಣದವರಿಗೆ ಹೇಳುತ್ತೇನೆ. ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಹೊಟ್ಟೆ ಅಗಲ. ಸುತ್ತ ಕಣಿಕಿ, ಅಂದರೆ ಜೋಳದ ಒಣ ದಂಟು, ಹೊದಿಸಿ, ಕಾಳು ತುಂಬಿ, ಬಾಯಿಗೆ ಹಾಸುಗಲ್ಲು ಹಾಕಿ ಮೇಲೆ ಮಣ್ಣು ಮುಚ್ಚುತ್ತಾರೆ. ಆಮೇಲೆ ಅದರ ಮೇಲೆ ದನ ಓಡಾಡುತ್ತವೆ, ಚಕ್ಕಡಿ ಹೋಗುತ್ತದೆ. ತೆಗೆದ ದಿನ ಯಾರೂ ಇಳಿಯುವುದಿಲ್ಲ, ಒಳಗಿನ ಗಾಳಿ ಕೆಟ್ಟಿರುತ್ತದೆ. ಮರುದಿನ ಹಗ್ಗದಲ್ಲಿ ದೀಪ ಇಳಿಬಿಟ್ಟು, ಆರದಿದ್ದರೆ ಮಾತ್ರ ಇಳಿಯುತ್ತಾರೆ. ಇಳಿಯುವವನು ತಲೆಗೆ ಸುತ್ತಿದ ರುಮಾಲು ಬಿಚ್ಚಿ ಬಾಯಿಯ ಪಕ್ಕದಲ್ಲಿಟ್ಟು ಮೇಲೊಂದು ಕಲ್ಲು ಹೇರುತ್ತಾನೆ. ಒಳಗೆ ಮನುಷ್ಯ ಇದ್ದಾನೆ ಎಂಬ ಗುರುತು ಅದು.

ನನ್ನ ತಲೆ ಬರಿದಾಗಿತ್ತು. ಹಡಗಿಗೆ ಸೇರಿದ ಮೇಲೆ ರುಮಾಲು ಬಿಟ್ಟಿದ್ದೆ.

"ತಮ್ಮಾ, ನಿಮ್ಮ ಮಾವಂದು ಒಂದು ರುಮಾಲ ತಗೊಂಡ್ ಹೋಗೋ," ಎಂದಳು ಅಕ್ಕ.

"ನಾ ರುಮಾಲ ಸುತ್ತಂಗಿಲ್ಲಲ್ಲ ಅಕ್ಕಾ."

"ಸುತ್ತಾಕಲ್ಲೋ, ಬಾಯಿ ಕಡೆ ಇಡಾಕ."

"ಹಡಗಿನ ತಳಕ್ಕ ಇಳದು ಬಂದಾಂವಗ ನಿಮ್ಮ ಹಗೇವು ಏನು ಮಹಾ," ಎಂದು ಹೊರಟೆ. ಆ ಮಾತು ಈಗಲೂ ನನ್ನ ಕಿವಿಗೆ ಚುಚ್ಚುತ್ತದೆ.

ಮಾವನಿಗೆ ಸೊಂಟ ಹಿಡಿದಿತ್ತು. ಹಾಗಾಗಿ ಇಳಿದವನು ನಾನು. ದೀಪ ಆರಲಿಲ್ಲ. ಇಳಿಯುವ ಮೊದಲು ಕೈ ತಾನಾಗಿ ಸೊಂಟದ ಉಡದಾರಕ್ಕೆ ಹೋಯಿತು. ಬಿಲ್ಲೆಯನ್ನು ನಾನು ಉಡದಾರಕ್ಕೇ ಕಟ್ಟಿಕೊಂಡಿರುತ್ತಿದ್ದೆ, ರಜೆಯಲ್ಲೂ ಅದು ಅಲ್ಲೇ ಇತ್ತು. ಬಿಚ್ಚಿ ಹಗೇವಿನ ಬಾಯಿಯ ಪಕ್ಕದಲ್ಲಿಟ್ಟೆ. ಹಡಗಿನ ರೂಢಿ ಅಷ್ಟೇ. ಅದನ್ನಿಟ್ಟ ಮೇಲೆ ಮಾಡಬೇಕಾದ್ದನ್ನು ಮಾಡಿದೆ ಎಂಬ ಸಮಾಧಾನ ನನಗೆ.

ಇಡೀ ದಿನ ಬುಟ್ಟಿ ತುಂಬಿ ಕೊಟ್ಟೆ, ಆಳು ಎಳೆದುಕೊಂಡ, ಮಾವ ಚೀಲದ ಬಾಯಿ ಹಿಡಿದರು. ಹೊತ್ತು ಮುಳುಗುವ ಸುಮಾರಿಗೆ ಚಕ್ಕಡಿ ತುಂಬಿತು. ತಳದಲ್ಲಿ ಇನ್ನೂ ಕೆಲವು ಚೀಲದಷ್ಟು ಕಾಳು ಉಳಿದಿತ್ತು.

"ನೀ ಮ್ಯಾಲೆ ಬಾ, ಮನಿಗೆ ಹೋಗಿ ಚೀಲ ಇಳಿಸಿ ಬರೂಣು," ಎಂದರು ಮಾವ ಬಾಯಿಗೆ ಬಗ್ಗಿ.

"ನೀವು ಹೋಗಿ ಬರ್ರಿ ಮಾವಾ. ನಾ ಸಂದಿಗೊಂದ್ಯಾಗಿನ ಕಾಳು ಕೂಡಿಸಿಡ್ತೇನಿ. ಹಗ್ಗ ಚೀಲ ಬಿಗಿಯಾಕ ಬೇಕಲ್ಲ, ತಗೊಂಡ್ ಹೋಗ್ರಿ."

ಹಗ್ಗ ಮೇಲೆ ಹೋಯಿತು. ಚಕ್ಕಡಿಯ ಸದ್ದು ದೂರವಾಯಿತು. ಬಾಯಿಯಲ್ಲಿ ಕಾಣುತ್ತಿದ್ದ ಆಕಾಶದ ತುಣುಕು ನೀಲಿಯಿಂದ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಕಾಳಿನ ಮೇಲೆ ಬೆನ್ನು ಚಾಚಿದೆ. ಕಾಳು ಬೆಚ್ಚಗಿತ್ತು. ಒಂದು ಕ್ಷಣ ಎಂದುಕೊಂಡು ಕಣ್ಣು ಮುಚ್ಚಿದೆ...

ಎಚ್ಚರವಾದಾಗ ಆಕಾಶ ಇರಲಿಲ್ಲ.

ಮೊದಲು ಕಣ್ಣು ತೆರೆದಿಲ್ಲವೇನೋ ಎಂದುಕೊಂಡೆ. ಬೆರಳಿನಿಂದ ಮುಟ್ಟಿ ನೋಡಿದೆ, ತೆರೆದೇ ಇತ್ತು. ಎದ್ದು ನಿಂತೆ, ಕಾಲು ಕಾಳಿನಲ್ಲಿ ಹೂತಿತು. ಕೈ ಎತ್ತಿದೆ, ಏನೂ ಸಿಗಲಿಲ್ಲ. ಹಾರಿದೆ, ಸಿಗಲಿಲ್ಲ. ತಲೆಯ ಮೇಲೆ ಮಣ್ಣಿನ ಒಂದಿಷ್ಟು ಪುಡಿ ಉದುರಿತು. ಆಗ ತಿಳಿಯಿತು... ಕಲ್ಲು ಹಾಕಿದ್ದಾರೆ. ಮೇಲೆ ಮಣ್ಣೂ ಮುಚ್ಚಿದ್ದಾರೆ.

ಕೂಗಿದೆ. "ಮಾವಾ... ಅಕ್ಕಾ..." ಆ ಕೂಗು ಎಲ್ಲಿಗೂ ಹೋಗಲಿಲ್ಲ, ಕಾಳು ಅದನ್ನು ಕುಡಿಯಿತು. ಮುಚ್ಚಿದ ಹಗೇವಿನ ಮೇಲೆ ನಿಂತು ಮಾತಾಡಿದವರಿಗೆ ಕೆಳಗಿನ ಕೂಗು ಕೇಳುವುದಿಲ್ಲ ಎಂದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಮಾವ ಮರಳಿ ಬಂದು ಮುಚ್ಚಿದ ಬಾಯಿ ನೋಡಿದರೆ, ದಾರಿಹೋಕರ್ಯಾರೋ ಹಗ್ಗ ಕೊಟ್ಟಿರಬೇಕು, ಮೇಲೆ ಬಂದು ನಾನೇ ಮುಚ್ಚಿ ಯಲವಿಗಿ ಸ್ಟೇಷನ್ ಕಡೆ ಚಹಕ್ಕೆ ಹೋದೆ ಎಂದುಕೊಳ್ಳುತ್ತಾರೆ. ದಿನಾ ಸಂಜೆ ಹೋಗುತ್ತಿದ್ದೆನಲ್ಲ. ಯಾರೂ ಹುಡುಕುವುದಿಲ್ಲ. ಬೆಳಿಗ್ಗೆಯವರೆಗೆ ಈ ಗಾಳಿ ಸಾಲುವುದಿಲ್ಲ.

ಹೆದರಿದೆ. ಹಡಗಿನಲ್ಲಿ ಎಂಥೆಂಥ ಬಿರುಗಾಳಿಗೂ ಅಷ್ಟು ಹೆದರಿರಲಿಲ್ಲ.

ಕಾಳು ಒಂದೆಡೆ ಗುಡ್ಡೆ ಹಾಕಿ ಅದರ ಮೇಲೆ ಹತ್ತಲು ನೋಡಿದೆ. ಗುಡ್ಡೆ ಜಾರಿತು. ಮತ್ತೆ ಹಾಕಿದೆ, ಮತ್ತೆ ಜಾರಿತು. ಉಸಿರು ಹೆಚ್ಚು ಖರ್ಚಾಗುತ್ತಿದೆ ಎಂದು ತಿಳಿದು ಸುಮ್ಮನೆ ಗೋಡೆಗೆ ಒರಗಿ ಕುಳಿತೆ. ಮುಗ್ಗಲು ವಾಸನೆ, ಹುಳಿ ವಾಸನೆ. ತಲೆ ಭಾರವಾಗುತ್ತಿತ್ತು.

ಹಾಗೆ ಎಷ್ಟು ಹೊತ್ತು ಕುಳಿತೆನೋ... ವಾಸನೆ ಬದಲಾಯಿತು.

ಎಣ್ಣೆ. ಬಾಯ್ಲರಿನ ಎಣ್ಣೆಯ ವಾಸನೆ. ಅದರ ಹಿಂದೆ ಬಣ್ಣದ್ದು, ಉಪ್ಪು ನೀರಿನದು. ಆ ವಾಸನೆಯಲ್ಲಿ ವರ್ಷಗಟ್ಟಲೆ ಬದುಕಿದವನು ನಾನು, ಅದರ ಗುರುತು ತಪ್ಪುವುದಿಲ್ಲ. ಬೆನ್ನ ಹಿಂದೆ ಕಣಿಕಿ ಇರಬೇಕಾದಲ್ಲಿ ತಣ್ಣಗಿತ್ತು. ಕೈ ಹಿಂದೆ ಮಾಡಿ ಮುಟ್ಟಿದೆ. ನುಣುಪು. ಇನ್ನಷ್ಟು ಸರಿಸಿದೆ. ಸಾಲಾಗಿ ರಿವಿಟ್ಟಿನ ತಲೆಗಳು.

ಕೈ ಎಳೆದುಕೊಂಡೆ. ಕೆಟ್ಟ ಗಾಳಿ ತಲೆಗೆ ಏರಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಗ ಬಡಿದರು.

ಠಣ್... ಠಣ್.

ಮೇಲಿನಿಂದಲ್ಲ. ಕೆಳಗಿನಿಂದ. ನಾನು ಕುಳಿತ ಕಾಳಿನ ಕೆಳಗಿನಿಂದ, ಹಗೇವಿನ ತಳಕ್ಕಿಂತಲೂ ಕೆಳಗಿನಿಂದ. ಕಬ್ಬಿಣದ ಮೇಲೆ ಕಬ್ಬಿಣ. ಇದ್ದೀಯಾ ಎಂದು ಕೇಳುವ ಎರಡು ಪೆಟ್ಟು.

ಬಾಯಿ ಮುಚ್ಚಿ ಹಿಡಿದೆ. ತಾಂಡೇಲರ ಮಾತು ನೆನಪಿತ್ತು. ಸದ್ದು ನಿಂತಿತು. ಮತ್ತೆ ಬಂತು... ಠಣ್, ಠಣ್. ಈ ಸಲ ಮೆಲ್ಲಗೆ. ಬಹಳ ದಿನದಿಂದ ಕೇಳಿ ಕೇಳಿ ಸಾಕಾದವರು ಕೇಳುವ ಹಾಗೆ.

ನನಗೆ ಅಳು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತುಬಿಟ್ಟೆ. ಅವರು ಯಾರೇ ಇರಲಿ, ನಾನು ಬದುಕಿದ್ದೇನೆಯೇ ಎಂದು ಆ ರಾತ್ರಿ ಕೇಳಿದವರು ಅವರೊಬ್ಬರೇ. ಮುಷ್ಟಿ ಕಟ್ಟಿ ಗೋಡೆಗೆ ಎರಡು ಪೆಟ್ಟು ಹಾಕಿದೆ.

ಕಣಿಕಿ ಹೊದಿಸಿದ ಮಣ್ಣಿನ ಗೋಡೆ. ಸದ್ದು ಬರಬಾರದಿತ್ತು. ಠಣ್ ಎಂದು ಬಂತು.

ಕೆಳಗಿನಿಂದ ಒಂದಲ್ಲ, ಬಹಳ ಕೈ ಬಡಿಯತೊಡಗಿದವು. ಸದ್ದು ತಳದಿಂದ ಎದ್ದು ಗೋಡೆಗೆ ಬಂತು, ನನ್ನ ಸುತ್ತ ತಿರುಗಿತು, ಕಿವಿಯ ಪಕ್ಕದಲ್ಲೇ ಹಾದು ಮೇಲೇರಿತು. ತಲೆಯ ಮೇಲಿನ ಕಲ್ಲಿನ ಹತ್ತಿರ ಸೇರಿ ಎಲ್ಲರೂ ಒಟ್ಟಿಗೆ ಬಡಿಯತೊಡಗಿದರು. ಕಿವಿ ಮುಚ್ಚಿ ಕಾಳಿನಲ್ಲಿ ಮುಖ ಹುದುಗಿಸಿದೆ.

ಕಲ್ಲು ಸರಿಯಿತು. ತಣ್ಣನೆಯ ಗಾಳಿ ಬೆನ್ನಿಗೆ ಬಡಿಯಿತು. ಕಂದೀಲಿನ ಬೆಳಕಿನಲ್ಲಿ ಒಂದು ಮುಖ ಬಗ್ಗಿತು. ಪಕ್ಕದ ಮನೆಯ ಫಕ್ಕೀರಪ್ಪಜ್ಜ.

"ಒಳಗ ಯಾರ್ಯಾರ್ ಅದೀರಿ?"

"ನಾ... ನಾ ಒಬ್ಬನ ಅಜ್ಜಾ. ಗಂಗಕ್ಕನ ತಮ್ಮ."

"ಒಬ್ಬನ?" ಅಜ್ಜ ಕಂದೀಲನ್ನು ಇನ್ನಷ್ಟು ಇಳಿಸಿ ಸುತ್ತ ನೋಡಿದ. "ಬಡದದ್ದು ಒಬ್ಬಂದಲ್ಲಲ್ಲೋ ತಮ್ಮಾ."

ಮಾವನನ್ನು ಕೂಗಿ ಹಗ್ಗ ತರಿಸಿ ನನ್ನನ್ನು ಎಳೆದರು. ಅಕ್ಕ ನೀರು ಕುಡಿಸಿದಳು, ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾವ, ನಾನು ಎಣಿಸಿದ ಹಾಗೆಯೇ, ಮುಚ್ಚಿದ ಬಾಯಿ ನೋಡಿ ಮನೆಗೆ ಮರಳಿದ್ದರು. ಮುಚ್ಚಿದವನು ಫಕ್ಕೀರಪ್ಪಜ್ಜ. ಎಮ್ಮೆ ಹೊಡೆದುಕೊಂಡು ಬರುವಾಗ ತೆರೆದ ಬಾಯಿ ಕಂಡಿತ್ತು. ಕತ್ತಲಲ್ಲಿ ತೆರೆದ ಹಗೇವನ್ನು ಯಾರು ಕಂಡರೂ ಮುಚ್ಚುತ್ತಾರೆ. ದನ ಬೀಳಬಾರದು, ಮಕ್ಕಳು ಬೀಳಬಾರದು. ಅದು ಉಪಕಾರ.

"ನಾ ರುಮಾಲ ಐತೇನು ಅಂತ ನೋಡಿದ್ನೋ," ಎಂದು ಅಜ್ಜ ಮತ್ತೆ ಮತ್ತೆ ಹೇಳಿದ. "ಸುತ್ತಲೂ ತಿರುಗಿ ನೋಡೇನಿ, ರುಮಾಲ ಇರಲಿಲ್ಲ. ಒಂದು ಹಿತ್ತಾಳಿ ಬಿಲ್ಲಿ ಇತ್ತು. ಎತ್ತಿನ ಕೊರಳಾಗಿಂದು ಉದರೇತಿ ಅಂತ ಮಾಡಿ ಮುಚ್ಚಿದ ಮ್ಯಾಲೆ ಅದನ್ನ ಮಣ್ಣಿನ ಮ್ಯಾಲೆ ಇಟ್ಟೆ. ನಸೀಬ ನೋಡು. ಉಣ್ಣಾಕ ಕುಂತ್ರ ತಾಟಿನ ಕೆಳಗ ನೆಲದಾಗ ಠಣ್ ಠಣ್ ಅನ್ನಾಕತ್ತು. ಮುದುಕಿಗೆ ಕೇಳವಲ್ದು, ನನಗಷ್ಟ. ಎದ್ದು ಸಪ್ಪಳದ ಬೆನ್ನ ಹತ್ತಿ ಬಂದೆ. ನಿನ್ನ ಕಡೆ ಕಬ್ಬಿಣದ ಸಾಮಾನು ಏನಿತ್ತು?"

ಏನೂ ಇರಲಿಲ್ಲ. ಬಿದಿರಿನ ಬುಟ್ಟಿ ಒಂದಿತ್ತು.

ಬಿಲ್ಲೆ ಹುಡುಕಿದೆವು. ಕಂದೀಲು ಹಿಡಿದು ಆ ರಾತ್ರಿಯೇ ಹುಡುಕಿದೆವು, ಬೆಳಿಗ್ಗೆ ಮಣ್ಣನ್ನು ಜರಡಿ ಹಿಡಿದೆವು. ಅಜ್ಜ ತಾನೇ ಇಟ್ಟ ಜಾಗ ತೋರಿಸಿದ. ಸಿಗಲಿಲ್ಲ.

ರಜೆ ಮುಗಿಸಿ ಮುಂಬಯಿಗೆ ಹೋದೆ. ಬಿಲ್ಲೆ ಕಳೆದದ್ದಕ್ಕೆ ಬಯ್ಯಿಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ತಾಂಡೇಲರು ನನ್ನನ್ನು ಕಂಡು ನಿಂತ ಕಡೆಯೇ ನಿಂತರು. ಆಮೇಲೆ ತೋಳು ಮುಟ್ಟಿ ನೋಡಿದರು.

"ಊರಲ್ಲಿದ್ದೆಯಾ?"

"ಹೌದ್ರಿ. ಈಗ ಬಂದೆ."

ತೋಳು ಬಿಡದೆ ಕರೆದುಕೊಂಡು ಹೋದರು. ಮುಂಭಾಗದ ತಳ. ಆ ಕೋಣೆಯ ಮುಚ್ಚಳ ತೆರೆದಿತ್ತು. ಪಕ್ಕದ ಕೊಕ್ಕೆಯಲ್ಲಿ ಹಿತ್ತಾಳೆ ಬಿಲ್ಲೆ ನೇತಾಡುತ್ತಿತ್ತು. ನನ್ನ ನಂಬರ್. ಬಿಲ್ಲೆಯ ತೂತಿನ ಅಂಚಿನಲ್ಲಿ ನಮ್ಮ ಕಡೆಯ ಕಪ್ಪು ಮಣ್ಣು ಇನ್ನೂ ಹತ್ತಿಕೊಂಡಿತ್ತು.

"ಒಂದು ಬೆಳಿಗ್ಗೆ ನೋಡಿದ್ರೆ ಇದು ಇಲ್ಲಿತ್ತು," ಎಂದರು. "ಯಾರೋ ಒಳಗಿದ್ದಾರೆ ಅಂತ ಹೆದರಿ ಮುಚ್ಚಳ ತೆಗೆಸಿದೆ. ಯಾರೂ ಇರಲಿಲ್ಲ. ಒಂದು ವಾಸನೆ ಬಂತು ಮಾರಾಯಾ... ಹಳೇ ಧಾನ್ಯದ್ದು. ಬಿಲ್ಲೆ ಇದೆಯಲ್ಲ, ಆವತ್ತಿನಿಂದ ಮುಚ್ಚಿಲ್ಲ."

ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

"ಜವಾಬು ಕೊಟ್ಟೆಯಾ?"

ಹೌದೆಂದು ತಲೆ ಆಡಿಸಿದೆ.

ಹಡಗು ಹೊರಡುವ ದಿನ ಬಂತು. ತಳದ ಮುಚ್ಚಳ ತೆರೆದಿಟ್ಟು ಸಮುದ್ರಕ್ಕೆ ಹೋಗಲಾಗುವುದಿಲ್ಲ. ಅಧಿಕಾರಿ ಬಂದು ಬಿಲ್ಲೆ ನೋಡಿದರು, ನನ್ನನ್ನೂ ನೋಡಿದರು. ಮನುಷ್ಯ ಎದುರಿಗೇ ಇದ್ದಾನಲ್ಲ, ಬಿಲ್ಲೆ ತೆಗೆ, ಮುಚ್ಚು ಎಂದರು. ನ್ಯಾಯವಾದ ಮಾತು.

ಕೈ ಚಾಚಿದೆ. ತೂತಿನೊಳಗಿನ ಕತ್ತಲೆ ನನಗೆ ಪರಿಚಿತ ಕತ್ತಲೆಯಾಗಿತ್ತು. ಬೆರಳು ಬಿಲ್ಲೆಗೆ ತಾಗುವಷ್ಟರಲ್ಲಿ ಒಳಗಿನಿಂದ ಬಂತು. ಮೆಲ್ಲಗೆ... ಠಣ್, ಠಣ್.

ಅಧಿಕಾರಿಗೆ ಕೇಳಲಿಲ್ಲ. ತಾಂಡೇಲರ ಮುಖ ನೋಡಿದರೆ ಅವರಿಗೆ ಕೇಳಿತ್ತು.

ಬಿಲ್ಲೆ ತೆಗೆದರೆ ಒಳಗೆ ಯಾರೂ ಇಲ್ಲ ಎಂದು ನಾನೇ ಸಾಕ್ಷಿ ಹೇಳಿದಂತೆ. ನನಗಾಗಿ ಕಲ್ಲು ಬಡಿದವರು ಅವರು. ಮುಚ್ಚಿದ ಮೇಲೆ ಆ ಕತ್ತಲೆ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಒಳಗೆ ಯಾರೂ ಇಲ್ಲ ಎನ್ನಲು ಕೈ ಏಳಲಿಲ್ಲ. ಇಳಿದು ನೋಡಲೂ ಧೈರ್ಯ ಬರಲಿಲ್ಲ. ಎರಡೂ ಆಗದೆ ಹಿಂದೆ ಸರಿದೆ. ಅಧಿಕಾರಿ ಬೇಸತ್ತು ಬೇರೆಯವರಿಂದ ಮುಚ್ಚಳ ಬಿಗಿಸಿದರು. ಬಿಲ್ಲೆ ಕೊಕ್ಕೆಯಲ್ಲೇ ಉಳಿಯಿತು. ಒಂದೊಂದು ಬೋಲ್ಟು ತಿರುಗುವ ಸದ್ದನ್ನೂ ಎಣಿಸುತ್ತ ಹೊರಗೆ ನಿಂತೆ, ನಾನೇ ಒಳಗಿದ್ದವನ ಹಾಗೆ.

ನನಗೆ ಹೊಸ ಬಿಲ್ಲೆ ಕೊಟ್ಟರು. ಕೆಲವು ತಿಂಗಳಲ್ಲಿ ಬೇರೆ ಹಡಗಿಗೆ ವರ್ಗವಾಯಿತು, ನಾನೇ ಕೇಳಿಕೊಂಡದ್ದು. ಆ ಡಿಸ್ಟ್ರಾಯರ್ ಆಮೇಲೂ ವರ್ಷಗಟ್ಟಲೆ ಓಡಾಡಿತು. ಗೋವೆಯ ಕಡೆ ಕಾವಲಿಗೂ ಹೋಗಿತ್ತು. ಕೊನೆಗೆ ಹೊಸ ಹುಡುಗರಿಗೆ ಕೆಲಸ ಕಲಿಸಲು ಇಟ್ಟುಕೊಂಡು, ಹಳತಾಯಿತೆಂದು ಒಡೆಯಲು ಮಾರಿದರು.

ಅದಾದ ಮೇಲೆ ಒಮ್ಮೆ ಕಾರವಾರಕ್ಕೆ ಹೋಗಿ ತಾಂಡೇಲರನ್ನು ಕಂಡೆ. ಬಲೆ ಹೆಣೆಯುತ್ತ ಅಂಗಳದಲ್ಲಿ ಕೂತಿದ್ದರು. ಮಾರುವ ಮೊದಲು ಹಡಗಿನ ಹಿತ್ತಾಳೆಯನ್ನೆಲ್ಲ ಬಿಚ್ಚಿಕೊಟ್ಟವರು ಅವರೇ ಎಂದರು.

"ನನ್ನ ಬಿಲ್ಲೆ?" ಎಂದೆ.

ಅವರು ಬಲೆಯಿಂದ ಕಣ್ಣೆತ್ತಲಿಲ್ಲ.

"ಅದನ್ನು ನಾನು ಮುಟ್ಟಲಿಲ್ಲ. ನೀನು ಹೊರಗೆ ಬಂದದ್ದನ್ನು ನಾನು ನೋಡಿಲ್ಲವಲ್ಲ."

ಈಗ ಅಕ್ಕನ ಊರಿನ ಆ ಹಗೇವಿಗೆ ಮಣ್ಣು ತುಂಬಿ ಮುಚ್ಚಿದ್ದಾರೆ. ನಾನು ರುಮಾಲು ಸುತ್ತುತ್ತೇನೆ. ರಾತ್ರಿ ಮಲಗುವ ಮೊದಲು ಅದನ್ನು ಬಿಚ್ಚಿ ಕೋಣೆಯ ಹೊರಗಿನ ಗೂಟಕ್ಕೆ ಹಾಕುತ್ತೇನೆ. ಮನೆಯವಳು ಮೊದಮೊದಲು ನಗುತ್ತಿದ್ದಳು, ಈಗ ಸುಮ್ಮನಿದ್ದಾಳೆ. ಬೆಳಿಗ್ಗೆ ಯಾರಿಗೂ ಮುಟ್ಟಗೊಡದೆ ನಾನೇ ತೆಗೆಯುತ್ತೇನೆ. ಕೈಗೆ ಬಂದಾಗ, ಇವತ್ತು ಹೊರಗೆ ಬಂದೆ ಎಂದು ಸಮಾಧಾನವಾಗುತ್ತದೆ.

ಆದರೆ ಹಡಗು ಒಡೆದುಹೋದರೂ ಆ ಬಿಲ್ಲೆಯನ್ನು ಕೊಕ್ಕೆಯಿಂದ ಇನ್ನೂ ಯಾರೂ ತೆಗೆದಿಲ್ಲ.